ಡೊಮೇನ್ ಹೆಸರಿನ ಮಾರಾಟ: ಮೊದಲ ಬಾರಿಗೆ ಮಾರುವವರು ತಿಳಿದಿರಬೇಕಾದ ಅಂಶಗಳು

ಬೆಳೆದ ಮಾಲನ್ನು ಮಾರುವುದರಲ್ಲಿ ನಮ್ಮ ರೈತರಿಗೆ ಅನುಭವವುಂಟು. ದನಗಳ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವ ಜಾಣ್ಮೆಯೂ ಉಂಟು. ಆದರೆ ಇತ್ತೀಚಿನ ವರ್ಷಗಳಲ್ಲಿ ಕಣ್ಣಿಗೆ ಕಾಣದ ಒಂದು ಆಸ್ತಿಯೂ ರೈತರ ಕೈ ಸೇರಿದೆ. ಅದೇ ಡೊಮೇನ್ ಹೆಸರು, ಅಂದರೆ ಅಂತರ್ಜಾಲದಲ್ಲಿ ನಮ್ಮ ಅಂಗಡಿಯ ವಿಳಾಸ. ಬೆಲ್ಲ, ಸಿರಿಧಾನ್ಯ, ಕಾಫಿ, ಮೆಣಸಿನಪುಡಿಗಳನ್ನು ಗಿರಾಕಿಗೆ ನೇರವಾಗಿ ಮಾರುವ ಕೃಷಿಕರೂ ರೈತ ಉತ್ಪಾದಕ ಕಂಪನಿಗಳೂ ಇಂತಹ ಹೆಸರುಗಳನ್ನು ನೋಂದಾಯಿಸಿಕೊಂಡಿದ್ದಾರೆ.

ಒಂದು ದಿನ ಅಪರಿಚಿತರಿಂದ ಇ-ಮೇಲ್ ಬರಬಹುದು: "ನಿಮ್ಮ ಹೆಸರು ನಮಗೆ ಬೇಕು, ಎಷ್ಟಕ್ಕೆ ಕೊಡುವಿರಿ?" ಈ ಪ್ರಶ್ನೆಗೆ ಅವಸರದಲ್ಲಿ ಕೊಡುವ ಉತ್ತರದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು. ಕೊಳ್ಳುವವನು ಸಿದ್ಧತೆ ಮಾಡಿಕೊಂಡೇ ಬಂದಿರುತ್ತಾನೆ. ಮಾರುವವನು ಉತ್ತರ ಬರೆಯುವ ಮೊದಲೇ ಮನೆಯಲ್ಲಿ ಕುಳಿತು ಲೆಕ್ಕ ಹಾಕಿಕೊಂಡರೆ ಮಾತ್ರ ವ್ಯವಹಾರ ಸಮನಾಗುತ್ತದೆ. ಆ ಲೆಕ್ಕದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಡೊಮೇನ್ ಹೆಸರು ಎಂದರೇನು?

ಪ್ರತಿಯೊಂದು ಕಂಪ್ಯೂಟರಿಗೂ ಅಂಕಿಗಳಲ್ಲಿ ವಿಳಾಸವಿರುತ್ತದೆ. ಅಂಕಿಗಳನ್ನು ನೆನಪಿಡುವುದು ಕಷ್ಟವಾದ್ದರಿಂದ ಅವುಗಳಿಗೆ ಹೆಸರನ್ನು ಜೋಡಿಸುವ ವ್ಯವಸ್ಥೆಯನ್ನು 1983ರಲ್ಲಿ ಅಮೆರಿಕದಲ್ಲಿ ರೂಪಿಸಲಾಯಿತು. ಮೊದಲ 'ಡಾಟ್ ಕಾಂ' ಹೆಸರು 1985ರ ಮಾರ್ಚ್ 15ರಂದು ನೋಂದಣಿಯಾಯಿತು. ಭಾರತದ 'ಡಾಟ್ ಇನ್' ಹೆಸರುಗಳು 2005ರಿಂದ ಎಲ್ಲರಿಗೂ ಸುಲಭವಾಗಿ ದೊರೆಯುತ್ತಿವೆ. ಇವುಗಳ ಆಡಳಿತವನ್ನು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಸಂಸ್ಥೆ ನೋಡಿಕೊಳ್ಳುತ್ತದೆ.

ಈ ಆಸ್ತಿ ಪಿತ್ರಾರ್ಜಿತ ಜಮೀನಿನಂತೆ ಶಾಶ್ವತವಾದದ್ದಲ್ಲ; ಅವಧಿಗೆ ಪಡೆದ ಗುತ್ತಿಗೆಯನ್ನು ಹೋಲುತ್ತದೆ. ಡಾಟ್ ಕಾಂ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು. ಅವಧಿ ಮುಗಿಯುವ ಮೊದಲು ಶುಲ್ಕ ಕಟ್ಟಿ ನವೀಕರಿಸದಿದ್ದರೆ ಕೊನೆಗೆ ಹೆಸರು ಬೇರೆಯವರ ಪಾಲಾಗುತ್ತದೆ. ಆದ್ದರಿಂದ ಮಾರಾಟದ ಮಾತು ನಡೆಯುತ್ತಿರುವಾಗಲೂ ನವೀಕರಣವನ್ನು ಮರೆಯಬಾರದು.

ಮಾತಿಗೆ ಮುನ್ನ ಪರಿಶೀಲಿಸಬೇಕಾದವು

1. ಹೆಸರು ಯಾರದು? ಎಷ್ಟೋ ಕಡೆ ದುಡ್ಡು ಕೊಟ್ಟವರು ರೈತರಾದರೂ ನೋಂದಣಿ ಆಗಿರುವುದು ಕಂಪ್ಯೂಟರ್ ಅಂಗಡಿಯವನ ಹೆಸರಿನಲ್ಲಿ. ನೋಂದಣಿ ಕಂಪನಿಯ ಖಾತೆ ಯಾರ ಇ-ಮೇಲ್ ಮತ್ತು ಮೊಬೈಲಿಗೆ ಸೇರಿದೆ ಎಂದು ನೋಡಬೇಕು. ಪಹಣಿಯಲ್ಲಿ ಹೆಸರಿಲ್ಲದವನು ಜಮೀನು ಮಾರಲಾರ, ಇಲ್ಲಿಯೂ ಹಾಗೆಯೇ. ಮೊದಲು ದಾಖಲೆ ಸರಿಪಡಿಸಿಕೊಳ್ಳತಕ್ಕದ್ದು. ರೈತ ಉತ್ಪಾದಕ ಕಂಪನಿಯ ಹೆಸರಾದರೆ ಅಧ್ಯಕ್ಷರೊಬ್ಬರೇ ಮಾತು ಕೊಡದೆ ನಿರ್ದೇಶಕ ಮಂಡಳಿಯ ಠರಾವು ಪಡೆಯಬೇಕು.

2. ಹೆಸರಿನ ಮೇಲೆ ಬೇರೆಯವರ ಹಕ್ಕಿದೆಯೇ? ಪ್ರಸಿದ್ಧ ಕಂಪನಿಯ ಟ್ರೇಡ್‌ಮಾರ್ಕನ್ನು ಹೋಲುವ ಹೆಸರಾದರೆ ಎಚ್ಚರ ಬೇಕು. ಡೊಮೇನ್ ಹೆಸರಿಗೂ ವ್ಯಾಪಾರದ ಹೆಸರಿನಂತೆಯೇ ಕಾನೂನಿನ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ ತೀರ್ಪು ನೀಡಿದೆ. ಭೌಗೋಳಿಕ ಗುರುತು ಪಡೆದ ಬೆಳೆಗಳ ಹೆಸರುಗಳಿಗೂ ಇದೇ ಎಚ್ಚರ ಅಗತ್ಯ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಈ ಗುರುತು ದೊರೆತಿದೆ. ಅದರ ಹಕ್ಕು ಡೊಮೇನ್ ಹೆಸರಿನ ಜೊತೆ ಮಾರಾಟವಾಗುವ ವಸ್ತುವಲ್ಲ. "ಹೆಸರು ಕೊಂಡರೆ ಗುರುತೂ ನಿಮ್ಮದೇ" ಎಂದು ಕೊಳ್ಳುವವನಿಗೆ ಹೇಳಬಾರದು.

3. ಹೆಸರು ಬಳಕೆಯಲ್ಲಿದೆಯೇ, ಖಾಲಿ ಇದೆಯೇ? ಬೆಲೆಯ ಲೆಕ್ಕವೆಲ್ಲ ಈ ಒಂದು ಅಂಶದ ಮೇಲೆ ನಿಂತಿದೆ.

ಕನಿಷ್ಠ ಬೆಲೆಯ ಲೆಕ್ಕ

ಹೊಸಬರು ಸಾಮಾನ್ಯವಾಗಿ ಹೀಗೆ ಯೋಚಿಸುತ್ತಾರೆ: "ವರ್ಷಕ್ಕೆ ಸಾವಿರ ರೂಪಾಯಿ ಕಟ್ಟಿದ್ದೇನೆ, ಐವತ್ತು ಸಾವಿರ ಬಂದರೆ ಲಾಭವೇ." ಖಾಲಿ ಬಿದ್ದಿರುವ ಹೆಸರಿಗೆ ಈ ಮಾತು ಸರಿ. ವ್ಯಾಪಾರ ನಡೆಯುತ್ತಿರುವ ಹೆಸರಿಗೆ ಇದು ತಪ್ಪು ಲೆಕ್ಕ. ಎತ್ತು ಮಾರಿದ ಮೇಲೆ ಉಳುಮೆಗೆ ಬೇರೆ ಎತ್ತು ತರಬೇಕಷ್ಟೆ? ಹಾಗೆಯೇ ಹೆಸರು ಹೋದ ಮೇಲೆ ಆಗುವ ಖರ್ಚನ್ನು ಕೂಡಬೇಕು.

ಉದಾಹರಣೆಗೆ, ಬೆಲ್ಲ ಮಾರುವ ಒಬ್ಬ ಕೃಷಿಕರ ಲೆಕ್ಕ ಹೀಗಿದೆ ಎಂದಿಟ್ಟುಕೊಳ್ಳಿ:

ಹಳೆಯ ವಿಳಾಸ ಮುದ್ರಿಸಿಟ್ಟ 4,000 ಚೀಲ, ಚೀಲಕ್ಕೆ ರೂ. 7ರಂತೆ: ರೂ. 28,000
ಬೋರ್ಡು, ಲೇಬಲ್, ರಸೀದಿ ಪುಸ್ತಕ: ರೂ. 9,000
ಹೊಸ ಹೆಸರು ಮತ್ತು ಜಾಲತಾಣದ ಬದಲಾವಣೆ: ರೂ. 12,000
ಹಳೆಯ ಗಿರಾಕಿಗಳಿಗೆ ತಿಳಿಸುವ ಖರ್ಚು: ರೂ. 6,000
ದಾರಿ ತಪ್ಪಿದ ಗಿರಾಕಿಗಳಿಂದ ಒಂದು ವರ್ಷ ಕೈತಪ್ಪುವ ಲಾಭ: ರೂ. 35,000
ಒಟ್ಟು: ರೂ. 90,000

ಇವರು ರೂ. 50,000ಕ್ಕೆ ಒಪ್ಪಿದರೆ ರೂ. 40,000 ನಷ್ಟ. ರೂ. 90,000ಕ್ಕೆ ಕೊಟ್ಟರೆ ಸರಿಗೆ ಸರಿ. ಲಾಭ ಶುರುವಾಗುವುದು ಅದರ ಮೇಲೆ. ಈ ಕನಿಷ್ಠ ಬೆಲೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು, ಕೊಳ್ಳುವವನಿಗೆ ಹೇಳಬಾರದು. ಅದಕ್ಕಿಂತ ಕೆಳಗೆ ಎಷ್ಟೇ ಒತ್ತಾಯ ಬಂದರೂ ವಿನಯದಿಂದ ಬೇಡವೆನ್ನಬೇಕು.

ದೊಡ್ಡ ಬೆಲೆಯ ಸುದ್ದಿಗಳನ್ನು ಕೇಳಿ ಮರುಳಾಗುವುದೂ ಸರಿಯಲ್ಲ. 'ಬಿಸಿನೆಸ್ ಡಾಟ್ ಕಾಂ' ಎಂಬ ಹೆಸರು 1997ರಲ್ಲಿ 1,50,000 ಡಾಲರಿಗೂ 1999ರಲ್ಲಿ 75 ಲಕ್ಷ ಡಾಲರಿಗೂ ಮಾರಾಟವಾಯಿತು. ಅದು ಜಗತ್ತಿನ ಯಾವ ವ್ಯಾಪಾರಿಗೂ ಹೊಂದುವ, ಚಿಕ್ಕದಾದ, ಸಾಮಾನ್ಯ ಪದ. ಊರಿನ ಅಥವಾ ಮನೆತನದ ಹೆಸರಿರುವ ವಿಳಾಸಕ್ಕೆ ಕೊಳ್ಳುವವರು ಒಬ್ಬಿಬ್ಬರೇ ಇರುತ್ತಾರೆ. ಹಿಂದೆ ಮಾರಾಟವಾದ ಹೆಸರುಗಳ ಬೆಲೆ ತೋರಿಸುವ ಜಾಲತಾಣಗಳಿವೆ. ಎ.ಪಿ.ಎಂ.ಸಿ.ಯ ಧಾರಣೆ ನೋಡುವಂತೆ ಅಲ್ಲಿ ನಮ್ಮ ಹೆಸರಿಗೆ ಹೋಲುವ ಹೆಸರುಗಳ ಬೆಲೆ ನೋಡಿಕೊಳ್ಳುವುದು ಒಳ್ಳೆಯದು.

ಮಾತುಕತೆಯ ಕ್ರಮ

ಮೊದಲ ಪತ್ರಕ್ಕೆ ಅಂಕಿ ಬರೆಯಬೇಡಿ. ಕೇಳುತ್ತಿರುವವನು ಪಕ್ಕದ ತಾಲ್ಲೂಕಿನ ವ್ಯಾಪಾರಿಯೋ, ದೊಡ್ಡ ಕಂಪನಿಯ ದಲ್ಲಾಳಿಯೋ ತಿಳಿಯದೆ ಹೇಳಿದ ಬೆಲೆ ಒಂದೋ ಬಹಳ ಕಡಿಮೆಯಾಗುತ್ತದೆ, ಇಲ್ಲವೇ ಅವನನ್ನು ಓಡಿಸುತ್ತದೆ. ಹೀಗೆ ಉತ್ತರಿಸಬಹುದು:

"ತಮ್ಮ ಪತ್ರ ತಲುಪಿತು. ಈ ಹೆಸರು ನಮ್ಮ ವ್ಯಾಪಾರದ ಬಳಕೆಯಲ್ಲಿದೆ. ತಕ್ಕ ಬೆಲೆ ಬಂದರೆ ವಿಚಾರ ಮಾಡುತ್ತೇವೆ. ತಾವು ಯಾರ ಪರವಾಗಿ ಕೇಳುತ್ತಿದ್ದೀರಿ, ಎಷ್ಟು ಕೊಡಲು ಸಿದ್ಧರಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿರಿ."

ಅವನು ಅಂಕಿ ಹೇಳಿದರೆ ಎರಡು ದಿನ ಬಿಟ್ಟು ಉತ್ತರಿಸಿ. ಪಟ್ಟು ಹಿಡಿದು ನಮ್ಮಿಂದಲೇ ಬೆಲೆ ಕೇಳಿದರೆ, ಕನಿಷ್ಠ ಬೆಲೆಗಿಂತ ಸಾಕಷ್ಟು ಮೇಲೆ ಹೇಳಿ ಇಳಿಯಲು ಜಾಗ ಇಟ್ಟುಕೊಳ್ಳಿ. ಇಳಿಯುವಾಗ ಪ್ರತಿ ಸಲವೂ ಮೊದಲಿಗಿಂತ ಕಡಿಮೆ ಇಳಿಯಬೇಕು. ಬೆಲೆಯ ಜೊತೆಗೆ ಬೇರೆ ಷರತ್ತುಗಳನ್ನೂ ಮಾತಾಡಬಹುದು. "ಆರು ತಿಂಗಳು ಹಳೆಯ ವಿಳಾಸಕ್ಕೆ ಬಂದ ಗಿರಾಕಿಯನ್ನು ನಮ್ಮ ಹೊಸ ವಿಳಾಸಕ್ಕೆ ಕಳಿಸಬೇಕು" ಎಂಬ ಷರತ್ತು ಕೆಲವು ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಬಾಳುತ್ತದೆ. ಇಲ್ಲದ ಇನ್ನೊಬ್ಬ ಗಿರಾಕಿಯ ಹೆಸರು ಹೇಳಿ ಬೆಲೆ ಏರಿಸಲು ಹೋಗಬಾರದು.

ಒಂದು ಮುಖ್ಯ ಎಚ್ಚರಿಕೆ: ಬಂದ ಪತ್ರ ವಕೀಲರದಾಗಿದ್ದು, ಟ್ರೇಡ್‌ಮಾರ್ಕ್ ಉಲ್ಲಂಘನೆಯ ಮಾತಿದ್ದರೆ ಚೌಕಾಶಿಗೆ ಇಳಿಯಬಾರದು. ಕೆನಡಾದ ಮೈಕ್ ರೋ ಎಂಬ 17 ವರ್ಷದ ವಿದ್ಯಾರ್ಥಿ 2003ರಲ್ಲಿ ತನ್ನ ಹೆಸರಿಗೆ 'ಸಾಫ್ಟ್' ಸೇರಿಸಿ 'ಮೈಕ್‌ರೋಸಾಫ್ಟ್ ಡಾಟ್ ಕಾಂ' ಎಂಬ ವಿಳಾಸ ಮಾಡಿಕೊಂಡಿದ್ದ. ಉಚ್ಚಾರಣೆ ತಮ್ಮ ಹೆಸರಿನಂತೆಯೇ ಇದೆಯೆಂದು ಮೈಕ್ರೋಸಾಫ್ಟ್ ಕಂಪನಿಯ ವಕೀಲರು ಅದನ್ನು ಬಿಟ್ಟುಕೊಡಲು ಕೇಳಿ, ಅವನ ಖರ್ಚೆಂದು 10 ಡಾಲರ್ ಕೊಡುವುದಾಗಿ ಹೇಳಿದರು. ಹುಡುಗ 10,000 ಡಾಲರ್ ಕೇಳಿದ. ಹಣ ಕೀಳುವುದಕ್ಕೇ ಹೆಸರು ಇಟ್ಟುಕೊಂಡಿದ್ದಾನೆ ಎಂಬ ವಾದಕ್ಕೆ ಅವನ ಈ ಬೇಡಿಕೆಯನ್ನೇ ಕಂಪನಿ ಆಧಾರವಾಗಿ ಹಿಡಿಯಿತು. 2004ರ ಜನವರಿಯಲ್ಲಿ ರಾಜಿಯಾಗಿ ಹೆಸರು ಕಂಪನಿಗೆ ಹೋಯಿತು. 1999ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಟ್ರೇಡ್‌ಮಾರ್ಕಿನ ಒಡೆಯನಿಗೇ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರುವ ಉದ್ದೇಶದಿಂದ ಹೆಸರು ನೋಂದಾಯಿಸುವುದು ದುರುದ್ದೇಶದ ಗುರುತು. ಡಾಟ್ ಇನ್ ಹೆಸರುಗಳಿಗೂ ಇದೇ ಬಗೆಯ ವ್ಯಾಜ್ಯ ನಿಯಮವಿದೆ. ಇಂತಹ ಪತ್ರಕ್ಕೆ ವಕೀಲರ ಸಲಹೆ ಪಡೆದೇ ಉತ್ತರಿಸತಕ್ಕದ್ದು.

ಹಣ ಮೊದಲು, ಹೆಸರು ಆಮೇಲೆ

ಹೆಸರಿನ ವರ್ಗಾವಣೆಗೆ ಒಂದು ಗುಟ್ಟಿನ ಸಂಕೇತವಿರುತ್ತದೆ. ಇದನ್ನು ಆತ್ ಕೋಡ್ ಎನ್ನುತ್ತಾರೆ. ಬೀಗ ತೆಗೆದ ಹೆಸರಿನ ಈ ಸಂಕೇತವನ್ನು ಕೊಟ್ಟರೆ ತಿಜೋರಿಯ ಕೀಲಿ ಕೊಟ್ಟಂತೆ. ಹೋದ ಹೆಸರನ್ನು ಮರಳಿ ಪಡೆಯುವುದು ಬಹಳ ಕಷ್ಟ. ಆದ್ದರಿಂದ ಈ ಕ್ರಮ ತಪ್ಪಬಾರದು:

1. ಬೆಲೆ, ಶುಲ್ಕ ಭರಿಸುವವರು, ಗಡುವು, ಏನೇನು ಸೇರಿದೆ ಎಂಬುದನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳಿ. ಹೆಸರಿನ ಜೊತೆ ಜಾಲತಾಣದ ಚಿತ್ರಗಳು, ಲೋಗೋ, ಗಿರಾಕಿಗಳ ಪಟ್ಟಿ ತಾವಾಗಿಯೇ ಹೋಗುವುದಿಲ್ಲ.

2. ದೂರದ ಅಪರಿಚಿತರಾದರೆ ಎಸ್ಕ್ರೋ ಸೇವೆ ಬಳಸಿ. ಇದರಲ್ಲಿ ಕೊಳ್ಳುವವನು ಹಣವನ್ನು ಮೂರನೆಯ ಸಂಸ್ಥೆಯಲ್ಲಿ ಇಡುತ್ತಾನೆ. ಹೆಸರು ಅವನಿಗೆ ತಲುಪಿದ ಮೇಲೆ ಹಣ ನಮಗೆ ಬರುತ್ತದೆ. ಆ ಸಂಸ್ಥೆ ನಿಜವಾದದ್ದೇ ಎಂದು ವಿಚಾರಿಸಿ, ಅದರ ವಿಳಾಸವನ್ನು ಸ್ವತಃ ಟೈಪು ಮಾಡಿ ತೆರೆಯಿರಿ. ಪತ್ರದಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ.

3. ಹಣ ನೇರವಾಗಿ ಬರುವುದಾದರೆ ಮೊಬೈಲಿಗೆ ಕಳಿಸಿದ ಚಿತ್ರವನ್ನು ನಂಬದೆ ಬ್ಯಾಂಕ್ ಖಾತೆಯಲ್ಲಿ ಜಮಾ ನೋಡಿ. ಚೆಕ್ಕಾದರೆ ನಗದಾಗುವವರೆಗೆ ಕಾಯಿರಿ. ಯು.ಪಿ.ಐ.ನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವಿಲ್ಲ. ಒತ್ತಲು ಹೇಳಿದವನು ಮೋಸಗಾರ.

4. ಕಂತಿನ ವ್ಯವಹಾರವಾದರೆ ಕೊನೆಯ ಕಂತು ಬರುವವರೆಗೆ ಹೆಸರು ನಮ್ಮ ಖಾತೆಯಲ್ಲೇ ಇರಲಿ.

5. ಡಾಟ್ ಕಾಂ ಹೆಸರನ್ನು ನೋಂದಾಯಿಸಿ 60 ದಿನ ಆಗಿಲ್ಲದಿದ್ದರೆ ಬೇರೆ ನೋಂದಣಿ ಕಂಪನಿಗೆ ವರ್ಗಾಯಿಸಲು ಸಾಮಾನ್ಯವಾಗಿ ಅಡ್ಡಿ ಇರುತ್ತದೆ. ಇಬ್ಬರ ಖಾತೆಯೂ ಒಂದೇ ಕಂಪನಿಯಲ್ಲಿದ್ದರೆ ಖಾತೆಯಿಂದ ಖಾತೆಗೆ ಬದಲಾಯಿಸುವುದು ಸುಲಭ.

ಇನ್ನೊಂದು ಮೋಸವೂ ಪ್ರಚಲಿತವಾಗಿದೆ. ಕೊಳ್ಳುವವನು ಬಹಳ ದೊಡ್ಡ ಬೆಲೆ ಹೇಳಿ, "ಇಂತಹ ಕಡೆಯಿಂದ ಮೌಲ್ಯಮಾಪನ ಪತ್ರ ತನ್ನಿ, ಶುಲ್ಕ ನೀವೇ ಕಟ್ಟಿ" ಎನ್ನುತ್ತಾನೆ. ಶುಲ್ಕ ಕಟ್ಟಿದ ಮೇಲೆ ಅವನ ಸುಳಿವಿರುವುದಿಲ್ಲ. ಮಾರುವವನೇ ಮೊದಲು ಹಣ ಕಟ್ಟಬೇಕೆಂಬ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಿ.

ಕೈಬಿಡುವ ಮುನ್ನ ಇ-ಮೇಲ್

ಇದು ಹಲವರ ಗಮನಕ್ಕೆ ಬಾರದ ಅಂಶ. ಡೊಮೇನ್ ಹೆಸರಿನ ಮೇಲೆಯೇ ಇ-ಮೇಲ್ ವಿಳಾಸ ಮಾಡಿಕೊಂಡಿದ್ದರೆ, ಹೆಸರು ಕೊಂಡವನು ಅದೇ ವಿಳಾಸವನ್ನು ಮತ್ತೆ ಸೃಷ್ಟಿಸಿಕೊಂಡು ಮುಂದೆ ಬರುವ ನಿಮ್ಮ ಪತ್ರಗಳನ್ನು ಪಡೆಯಬಹುದು. ಬ್ಯಾಂಕು, ಜಿ.ಎಸ್.ಟಿ., ಆಹಾರ ಸುರಕ್ಷತಾ ಪರವಾನಗಿ ಇವುಗಳಲ್ಲಿ ಕೊಟ್ಟಿರುವ ಇ-ಮೇಲನ್ನು ವರ್ಗಾವಣೆಗೆ ಮೊದಲೇ ಬದಲಾಯಿಸಬೇಕು. ಹಳೆಯ ಪತ್ರಗಳ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಬೇಕು. ಈ ಮಾರಾಟದ ಹಣ ಕೃಷಿ ಆದಾಯವಲ್ಲ. ಆದ್ದರಿಂದ ರಸೀದಿ, ಕರಾರು ಜೋಪಾನವಾಗಿಟ್ಟು ತೆರಿಗೆಯ ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳಿರಿ.

ಮಾರದಿರುವುದೂ ಒಂದು ಉತ್ತರ

ಖಾಲಿ ಇಟ್ಟ ಹೆಸರಿಗೆ ಕಟ್ಟಿದ ಶುಲ್ಕಕ್ಕಿಂತ ಒಳ್ಳೆಯ ಬೆಲೆ ಬಂದರೆ ಕೊಡುವುದೇ ಲೇಸು. ಕೊಳ್ಳುವವನು ಬೇರೆ ಹೆಸರು ಹುಡುಕಿಕೊಂಡರೆ ಮತ್ತೊಬ್ಬ ಬರುತ್ತಾನೆಂಬ ಖಾತರಿಯಿಲ್ಲ. ಆದರೆ ಗಿರಾಕಿ ನೆನಪಿಟ್ಟುಕೊಂಡು ಬರುವ ಹೆಸರು ಬಿತ್ತನೆಗೆ ಇಟ್ಟ ಕಾಳಿದ್ದಂತೆ. ಅದನ್ನು ಮಾರುವುದಾದರೆ ಮುಂದಿನ ಬಿತ್ತನೆಗೆ ಬೀಜ ಎಲ್ಲಿಂದ ಎಂಬುದು ಮೊದಲೇ ಗೊತ್ತಿರಬೇಕು. ರೈತ ಬಾಂಧವರು ಮೇಲಿನ ಲೆಕ್ಕವನ್ನು ಇಂದೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ, ಕೇಳುವವರು ಯಾವಾಗ ಬಂದರೂ ಅವಸರದ ಉತ್ತರ ಕೊಡಬೇಕಾಗುವುದಿಲ್ಲ.