ವಿನ್ಯಾಸವೂ ಬಂಡವಾಳವೇ: ಕಿನ್ನಾಳದ ಗೊಂಬೆಯಿಂದ ಕೈಗಡಿಯಾರದವರೆಗೆ

ವರ್ಷಾಂತ್ಯದಲ್ಲಿ ದಾಸ್ತಾನು ಪಟ್ಟಿ ತಯಾರಿಸುವಾಗ ನಾವು ಕಚ್ಚಾ ಮಾಲು, ಅರೆಸಿದ್ಧ ಮಾಲು, ಸಿದ್ಧ ಮಾಲು, ಯಂತ್ರ, ಪೀಠೋಪಕರಣ ಎಂದು ಒಂದೊಂದನ್ನೂ ಎಣಿಸಿ ಬರೆಯುತ್ತೇವೆ. ಆ ಮಾಲಿಗೆ ಆ ರೂಪವನ್ನು ಕೊಟ್ಟ ಬುದ್ಧಿಗೆ ಮಾತ್ರ ಯಾವ ಕಾಲಮ್ಮಿನಲ್ಲಿಯೂ ಸ್ಥಾನವಿರುವುದಿಲ್ಲ. ಈ ಲೋಪದ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ತಡವಾಗಿ.

ನಮ್ಮ ಜಿಲ್ಲೆಯ ಸಣ್ಣ ಉದ್ದಿಮೆದಾರರೊಬ್ಬರು ನನ್ನ ಕಕ್ಷಿದಾರರು. ಮರಗೆಲಸ ಅವರ ವೃತ್ತಿ. ನೆಲದ ಮೇಲೆ ಕುಳಿತು ಓದುವ ಮಕ್ಕಳಿಗಾಗಿ ಒಂದು ಮಡಚುವ ಮೇಜನ್ನು ಅವರು ರೂಪಿಸಿದರು. ಅದರ ಕಾಲುಗಳಿಗೆ ರಥದ ಗಾಲಿಯ ಆಕಾರ. ನೋಡಿದವರೆಲ್ಲ ಮೆಚ್ಚಿದರು. ಒಂದು ವಸ್ತುಪ್ರದರ್ಶನದಲ್ಲಿ ಇಟ್ಟರು, ಹತ್ತಾರು ಮೇಜುಗಳು ಅಲ್ಲಿಯೇ ಮಾರಾಟವಾದವು. ಮರುವರ್ಷ ಬೇರೆ ಊರಿನಿಂದ ಅದೇ ಗಾಲಿ, ಅದೇ ಅಳತೆಯ ಮೇಜು ಕಡಿಮೆ ಬೆಲೆಗೆ ಪೇಟೆಗೆ ಬಂದಿತು. ಅವರು ನನ್ನ ಕಚೇರಿಗೆ ಬಂದು, "ಸಾಹೇಬ್ರ, ನಿಮ್ಮ ಲೆಕ್ಕಾ ಎಲ್ಲಾ ಸರಿ ಐತಿ. ನನ್ನ ಮೇಜು ಮಾತ್ರ ಬ್ಯಾರೇದವ್ರ ಹೆಸರ್ನಾಗ ಮಾರಾಟ ಆಗಾಕತ್ತೈತಿ" ಎಂದರು. ಏನಾದರೂ ಮಾಡಬಹುದೇ ಎಂದು ಅವರು ಕೇಳಿದಾಗ, ಕಾಲ ಮಿಂಚಿದೆ ಎಂದು ಹೇಳಬೇಕಾಯಿತು. ಪ್ರದರ್ಶನಕ್ಕೆ ಹೋಗುವ ಮೊದಲೇ ನಾನು ಒಂದು ಮಾತು ಹೇಳಬೇಕಾಗಿತ್ತು. ಅವರ ಮರದ ಬಿಲ್ಲುಗಳನ್ನು ನೋಡಿದ ನಾನು ಅವರ ಮೇಜನ್ನು ನೋಡಿರಲಿಲ್ಲ.

ಆದ್ದರಿಂದ ಈ ತಿಂಗಳ ಲೇಖನದ ವಿಷಯ ತೆರಿಗೆಯಲ್ಲ, ವಿನ್ಯಾಸ. ಇತ್ತೀಚಿನ ಕೆಲವು ಸ್ಫೂರ್ತಿದಾಯಕ ಉದಾಹರಣೆಗಳನ್ನು ವ್ಯಾಪಾರಸ್ಥರ ದೃಷ್ಟಿಯಿಂದ ಪರಿಶೀಲಿಸಿ, ಅವುಗಳಿಂದ ನಾವು ಕಲಿಯಬಹುದಾದುದೇನು, ಕಲಿತದ್ದನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ನೋಡೋಣ.

1. ಕಿನ್ನಾಳ: ಅಗ್ಗದ ವಸ್ತು, ಅಮೂಲ್ಯ ರೂಪ

ಕೊಪ್ಪಳಕ್ಕೆ ಸಮೀಪದ ಕಿನ್ನಾಳ ಗ್ರಾಮದ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮರದ ಗೊಂಬೆ, ದೇವತಾಮೂರ್ತಿಗಳನ್ನು ತಯಾರಿಸುತ್ತ ಬಂದಿವೆ. ಇವರು ಬಳಸುವ ಸಾಮಗ್ರಿಯ ಪಟ್ಟಿಯನ್ನು ಒಮ್ಮೆ ಗಮನಿಸಬೇಕು: ಹಗುರವಾದ ಮರ, ಹುಣಸೆ ಬೀಜದ ಅಂಟು, ಗೋಣಿನಾರಿನ ಪುಡಿ, ಮರದ ಹೊಟ್ಟು, ಹತ್ತಿಬಟ್ಟೆಯ ಚೂರು, ಬೆಣಚುಕಲ್ಲಿನ ಪುಡಿ, ಬಣ್ಣ. ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿದ ನಾರನ್ನು ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದರೆ 'ಕಿಟ್ಟ' ಸಿದ್ಧವಾಗುತ್ತದೆ. ಜೋಡಿಸಿದ ಮೂರ್ತಿಗೆ ಕೈಯಿಂದ ಕಿಟ್ಟ ಬಳಿದು, ಬಟ್ಟೆಯ ಚೂರುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಡುತ್ತಾರೆ. ಒಡವೆಗಳ ಉಬ್ಬು ಕೆಲಸವೂ ಇದೇ ಕಲ್ಲುಪುಡಿಯಿಂದ. ಕೊನೆಯಲ್ಲಿ ಬಣ್ಣ.

ಈ ಪಟ್ಟಿಯಲ್ಲಿ ದುಬಾರಿಯಾದ ವಸ್ತು ಒಂದೂ ಇಲ್ಲ. ಗೊಂಬೆಯ ಬೆಲೆ ಪೂರ್ತಿಯಾಗಿ ಕೈ, ಕಣ್ಣು ಮತ್ತು ರೂಪದ್ದು. 'ಕಚ್ಚಾ ಮಾಲು ತುಟ್ಟಿಯಾಯಿತು, ಲಾಭವಿಲ್ಲ' ಎನ್ನುವ ನಮಗೆ ಇದು ಮೊದಲ ಪಾಠ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಇದೇ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ ಶಂಕುಸ್ಥಾಪನೆ ನೆರವೇರಿತು. ಒಂದೆಡೆ ಅಚ್ಚಿನಿಂದ ಸಾವಿರಗಟ್ಟಲೆ ಆಟಿಕೆ, ಇನ್ನೊಂದೆಡೆ ದಿನಗಟ್ಟಲೆ ಕುಳಿತು ಮಾಡುವ ಒಂದು ಗೊಂಬೆ. ಇವೆರಡೂ ಬೆಲೆಯಲ್ಲಿ ಸ್ಪರ್ಧಿಸಿದರೆ ಗೊಂಬೆ ಸೋಲುವುದು ಖಚಿತ. ರೂಪದಲ್ಲಿ ಮತ್ತು ಹೆಸರಿನಲ್ಲಿ ಮಾತ್ರ ಅದು ಗೆಲ್ಲಬಲ್ಲದು.

2. ಆನೆಗೊಂದಿ: ಕಸದಿಂದ ರಸ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಮುತ್ತ ಬಾಳೆತೋಟಗಳು ಹೇರಳ. ಗೊನೆ ಕಡಿದ ಮೇಲೆ ಉಳಿಯುವ ದಿಂಡು ರೈತನಿಗೆ ವಿಲೇವಾರಿಯ ತೊಂದರೆಯೇ ಹೊರತು ಆದಾಯವಲ್ಲ. 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ಈ ದಿಂಡಿನ ನಾರಿನಿಂದ ಚೀಲ, ಬುಟ್ಟಿ, ಚಾಪೆ ಮೊದಲಾದವುಗಳನ್ನು ತಯಾರಿಸುವ ಕಸುಬನ್ನು ಗ್ರಾಮದ ಮಹಿಳೆಯರಿಗೆ ಕಲಿಸಿತು. ನಾರು ಹಗ್ಗವಾಗಿಯೇ ಉಳಿದಿದ್ದರೆ ಅದಕ್ಕೆ ಹಗ್ಗದ ಬೆಲೆ ಸಿಗುತ್ತಿತ್ತು. ಪಟ್ಟಣದ ಗ್ರಾಹಕ ಹೆಗಲಿಗೆ ಹಾಕಿಕೊಳ್ಳುವಂತಹ ಚೀಲವಾದಾಗ ಅದರ ಬೆಲೆಯ ಲೆಕ್ಕವೇ ಬದಲಾಯಿತು. ಅಕ್ಕಿ ಗಿರಣಿಗಳ ನಾಡಾದ ಗಂಗಾವತಿಯಲ್ಲಿ ತೌಡು, ಹೊಟ್ಟು, ನುಚ್ಚುಗಳನ್ನು ತೂಕದ ಮೇಲೆ ಮಾರುವ ನಾವು ಈ ದೃಷ್ಟಿಯಿಂದ ಯೋಚಿಸಿದ್ದೇವೆಯೇ?

3. ಇಟಗಿ ಮತ್ತು ಮಣ್ಣಿನ ಇಟ್ಟಿಗೆ: ವಸ್ತು ಬದಲಾದರೆ ರೂಪವೂ ಬದಲು

ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದನು. ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಬಾದಾಮಿಯ ಕಾಲದ ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲನ್ನು ಆರಿಸಿಕೊಂಡದ್ದರಿಂದಲೇ ಕಂಬಗಳ ಮೇಲಿನ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಸಾಮಗ್ರಿಯ ಗುಣವನ್ನರಿತು ರೂಪ ಕೊಡುವುದು ನಮ್ಮ ನೆಲದ ಹಳೆಯ ವಿದ್ಯೆ.

ಇದೇ ವಿದ್ಯೆ ನಮ್ಮ ಕಾಲದ ವಾಸ್ತುಶಿಲ್ಪದಲ್ಲಿಯೂ ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಆಸ್ತ್ರ' ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಇಟ್ಟಿಗೆಯನ್ನು ಬಳಕೆಗೆ ತಂದಿತು. ಭಟ್ಟಿಯಲ್ಲಿ ಸುಡಬೇಕಾಗಿಲ್ಲ, ನೀರುಣಿಸಿ ಹದ ಮಾಡಿದರಾಯಿತು. ಇಂತಹ ಇಟ್ಟಿಗೆಯಿಂದ, ಗಾರೆ ಹಚ್ಚದೆ, ಚಿತ್ರಾ ವಿಶ್ವನಾಥ್ ಅವರಂತಹ ವಾಸ್ತುಶಿಲ್ಪಿಗಳು ಬೆಂಗಳೂರಿನಲ್ಲಿ ಅನೇಕ ಮನೆಗಳನ್ನು ಕಟ್ಟಿದ್ದಾರೆ. ಒಂದು ಎಚ್ಚರಿಕೆ: ಹಿಗ್ಗಿ ಕುಗ್ಗುವ ಎರೆಮಣ್ಣು ಈ ಕೆಲಸಕ್ಕೆ ಒಗ್ಗುವುದಿಲ್ಲ. ಮರಳಿನ ಅಂಶವಿರುವ ಕೆಂಪು ಮಣ್ಣು ಬೇಕು. ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಇಟ್ಟಿಗೆ ಉದ್ಯಮಕ್ಕೆ ಇಳಿಯುವವರು ಯಂತ್ರ ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವುದು ಒಳಿತು.

4. ಎರಡು ಕಿಸೆ-ಕೈ ಉಪಕರಣಗಳು: ಒಂದು ಗೆದ್ದಿತು, ಒಂದು ಸೋತಿತು

ವೈಯಕ್ತಿಕ ಬಳಕೆಯ ಉಪಕರಣಗಳಲ್ಲಿ ನಮ್ಮ ನೆರೆಯ ಉದಾಹರಣೆ ಟೈಟನ್. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಈ ಕಂಪನಿ 2002ರಲ್ಲಿ 'ಎಡ್ಜ್' ಎಂಬ ಕೈಗಡಿಯಾರವನ್ನು ಬಿಡುಗಡೆ ಮಾಡಿತು. ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಹೊಸದಾಗಿ ಏನನ್ನೂ ಸೇರಿಸದೆ, ಇದ್ದುದನ್ನು ತೆಳುವಾಗಿಸಿಯೇ ಅದು ಗ್ರಾಹಕನ ಮನ ಗೆದ್ದಿತು.

ಅದೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಕೂಡಿ ರೂಪಿಸಿದ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಗಣಕಯಂತ್ರ ಜಗತ್ತಿನ ಗಮನ ಸೆಳೆದಿತ್ತು. ಓದುಬರಹ ಬಾರದವರೂ ಬಳಸಬಹುದಾದ ಉಪಕರಣವೆಂಬುದು ಅದರ ಉದ್ದೇಶ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು 'ಅಮಿಡಾ' ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆದರೆ ಯಾರಿಗಾಗಿ ಅದು ಹುಟ್ಟಿತೋ ಅವರ ಕೊಳ್ಳುವ ಶಕ್ತಿಗೆ ಅದರ ಬೆಲೆ ನಿಲುಕಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿಹಳ್ಳಿಗೂ ತಲುಪಿತು. ವಿನ್ಯಾಸ ಉತ್ತಮವಾಗಿದ್ದರೆ ಸಾಲದು. ಬೆಲೆ ಮತ್ತು ಕಾಲ ಎರಡೂ ಕೂಡಿಬರಬೇಕು.

5. ಲೆಕ್ಕದ ದೃಷ್ಟಿಯಿಂದ

ಒಂದು ಕಾಲ್ಪನಿಕ ಉದಾಹರಣೆ. ಒಂದು ವಸ್ತುವಿಗೆ ಸಾಮಗ್ರಿ 60 ರೂ., ಕೂಲಿ 40 ರೂ., ಮಾರಾಟ ಬೆಲೆ 120 ರೂ., ಲಾಭ 20 ರೂ. ಎಂದಿಟ್ಟುಕೊಳ್ಳೋಣ. ವಿನ್ಯಾಸಕಾರರಿಗೆ 40,000 ರೂ. ಕೊಟ್ಟು ರೂಪವನ್ನು ಸುಧಾರಿಸಿದಾಗ 140 ರೂ.ಗೆ ಮಾರಲು ಸಾಧ್ಯವಾಯಿತು. 5,000 ವಸ್ತುಗಳಿಗೆ ಹಂಚಿದರೆ ವಿನ್ಯಾಸದ ಖರ್ಚು ತಲಾ 8 ರೂ. ಮಾತ್ರ, ಲಾಭ 32 ರೂ. ಆಯಿತು. 2,000 ವಸ್ತುಗಳು ಮಾರಾಟವಾದಾಗಲೇ ವಿನ್ಯಾಸದ ಹಣ ಮರಳಿ ಬಂದಿರುತ್ತದೆ. 2,000 ಮಾರುವ ಭರವಸೆ ಇಲ್ಲದಿದ್ದರೆ ಆ ಖರ್ಚಿಗೆ ಕೈಹಾಕಬಾರದು. ಸಿಂಪ್ಯೂಟರಿನ ಪಾಠವೂ ಇದೇ.

ಈ ಖರ್ಚನ್ನು 'ಇತರೆ ಖರ್ಚು' ಎಂಬ ತಲೆಬರಹದಲ್ಲಿ ಮುಳುಗಿಸದೆ ಪ್ರತ್ಯೇಕ ಖಾತೆಯಲ್ಲಿ ಬರೆಯಿರಿ. ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನಾ ಹಂತದ ಖರ್ಚು ಆಯಾ ವರ್ಷದ ಖರ್ಚೇ ಆಗುತ್ತದೆ. ಅಭಿವೃದ್ಧಿ ಹಂತದ ಖರ್ಚನ್ನು, ನಿಗದಿತ ಷರತ್ತುಗಳು ಪೂರೈಸಿದಲ್ಲಿ, ಅಮೂರ್ತ ಆಸ್ತಿಯೆಂದು ತೋರಿಸಬಹುದು.

6. ಕಾನೂನಿನ ರಕ್ಷಣೆ

ವಿನ್ಯಾಸ ಕಾಯ್ದೆ, 2000ರ ಅಡಿಯಲ್ಲಿ ವಸ್ತುವಿನ ಆಕಾರ, ರಚನೆ, ನಕಾಶೆ, ಅಲಂಕಾರಗಳನ್ನು ನೋಂದಾಯಿಸಬಹುದು. ಕಣ್ಣಿಗೆ ಕಾಣುವ ರೂಪಕ್ಕೆ ಮಾತ್ರ ಇಲ್ಲಿ ರಕ್ಷಣೆ. ಕೆಲಸ ಮಾಡುವ ಬಗೆಗೆ ಬೇಕಾದರೆ ಪೇಟೆಂಟಿನ ದಾರಿ ಬೇರೆ. ಅವಧಿ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಶುಲ್ಕದಲ್ಲಿ ರಿಯಾಯಿತಿಯಿದೆ.

ಮುಖ್ಯವಾದ ಷರತ್ತೆಂದರೆ ವಿನ್ಯಾಸ ಹೊಸದಾಗಿರಬೇಕು, ಅರ್ಜಿಗೆ ಮೊದಲು ಎಲ್ಲಿಯೂ ಬಹಿರಂಗವಾಗಿರಬಾರದು. ನನ್ನ ಕಕ್ಷಿದಾರರು ಎಡವಿದ್ದು ಇಲ್ಲಿಯೇ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ವಿನಾಯಿತಿಯುಂಟು. ಆದರೆ ಅಲ್ಲಿಯೂ ಮೊದಲೇ ನಿಯಂತ್ರಕರಿಗೆ ಸೂಚನೆ ಕೊಟ್ಟಿರಬೇಕು ಮತ್ತು ಪ್ರದರ್ಶನವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. 'ಕೃತಿಸ್ವಾಮ್ಯವಿದೆಯಲ್ಲ' ಎಂದು ಸುಮ್ಮನಿರುವಂತಿಲ್ಲ. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸದ ವಸ್ತುವನ್ನು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯವೂ ಕೊನೆಗೊಳ್ಳುತ್ತದೆ.

ಭೌಗೋಳಿಕ ಸೂಚಿಕೆ ಇದಕ್ಕಿಂತ ಭಿನ್ನ. ಅದು ಒಬ್ಬ ವ್ಯಾಪಾರಿಯ ಸ್ವತ್ತಲ್ಲ, ಆ ಪ್ರದೇಶದ ಉತ್ಪಾದಕರೆಲ್ಲರದು. 10 ವರ್ಷಕ್ಕೊಮ್ಮೆ ನವೀಕರಣ ಅಗತ್ಯ. ಅದನ್ನು ಬಳಸಲು ಕುಶಲಕರ್ಮಿಗಳು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ಬೇರೆಡೆ ಅಚ್ಚಿನಲ್ಲಿ ತೆಗೆದ ಗೊಂಬೆಗೆ 'ಕಿನ್ನಾಳ' ಎಂಬ ಚೀಟಿ ಅಂಟಿಸಿ ಮಾರುವುದು ಅಪರಾಧ ಎಂಬುದನ್ನು ಸದಸ್ಯರು ನೆನಪಿನಲ್ಲಿಡಬೇಕು.

2021ರ ಜನವರಿ 1ರಿಂದ ಆಟಿಕೆಗಳಿಗೆ ಬಿ.ಐ.ಎಸ್. ಗುರುತು ಕಡ್ಡಾಯವಾದಾಗ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ಮತ್ತು ಭೌಗೋಳಿಕ ಸೂಚಿಕೆಯ ಉತ್ಪನ್ನಗಳಿಗೆ ವಿನಾಯಿತಿ ನೀಡಲಾಯಿತು. ಅಧಿಸೂಚಿತ ಕರಕುಶಲ ವಸ್ತುಗಳನ್ನು ಹೊರರಾಜ್ಯಕ್ಕೆ ಮಾರುವವರಿಗೆ 20 ಲಕ್ಷ ರೂ. ವಹಿವಾಟಿನವರೆಗೆ ಜಿ.ಎಸ್.ಟಿ. ನೋಂದಣಿಯಿಂದಲೂ ವಿನಾಯಿತಿಯುಂಟು. ಆದರೆ ಪ್ಯಾನ್ ಇರಬೇಕು, ಮಾಲಿನ ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಬೇಕು. ಹೀಗಿರುವಾಗ ಕುಶಲಕರ್ಮಿಯ ನೋಂದಣಿ ಚೀಟಿ ಬರಿಯ ಕಾಗದವಲ್ಲ. ಅದಿಲ್ಲದಿದ್ದರೆ ವಿನಾಯಿತಿ ಇದ್ದೂ ಇಲ್ಲದಂತೆ.

7. ನಾವು ಮಾಡಬೇಕಾದುದು

ಸದಸ್ಯರಲ್ಲಿ ನನ್ನ ವಿನಂತಿ ಮೂರು. ಹೊಸ ರೂಪದ ವಸ್ತು ಸಿದ್ಧವಾದ ದಿನವೇ ಅದರ ಛಾಯಾಚಿತ್ರ, ನಕ್ಷೆ, ದಿನಾಂಕಗಳನ್ನು ಕಡತದಲ್ಲಿಡಿ. ಪ್ರದರ್ಶನಕ್ಕೆ, ಏಜೆಂಟರಿಗೆ, ವಾಟ್ಸ್‌ಆ್ಯಪ್ ಗುಂಪಿಗೆ ತೋರಿಸುವ ಮೊದಲು ಅರ್ಜಿ ಸಲ್ಲಿಸಿ. ಕಿನ್ನಾಳದಂತಹ ಕಸುಬಿನವರಿಂದ ಮಾಲು ಕೊಳ್ಳುವಾಗ ಸಾಮಗ್ರಿ ಮತ್ತು ಕೂಲಿಯ ಮೇಲೆ ರೂಪಕ್ಕೂ ಒಂದು ಬೆಲೆ ಕೊಡಿ. ಆ ಬೆಲೆ ಸಿಗದಿದ್ದರೆ ಮುಂದಿನ ತಲೆಮಾರು ಆ ಉಳಿಯನ್ನು ಕೈಗೆತ್ತಿಕೊಳ್ಳುವುದಿಲ್ಲ, ನಮಗೆ ಮಾರಲು ಗೊಂಬೆಯೂ ಉಳಿಯುವುದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಕಕ್ಷಿದಾರರಿಗೆ ವರ್ಷಕ್ಕೊಮ್ಮೆ ಕಳುಹಿಸುವ ಪ್ರಶ್ನಾವಳಿಯಲ್ಲಿ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ: 'ಈ ವರ್ಷ ಹೊಸ ಆಕಾರದ ವಸ್ತು ಏನಾದರೂ ತಯಾರಿಸಿದ್ದೀರಾ? ಅದನ್ನು ಯಾರಿಗಾದರೂ ತೋರಿಸಿದ್ದೀರಾ?' ಮೇಜಿನ ಉದ್ದಿಮೆದಾರರು ಕಳೆದ ಬಾರಿ ಮೊದಲನೆಯ ಪ್ರಶ್ನೆಗೆ 'ಹೌದು' ಎಂದೂ ಎರಡನೆಯದಕ್ಕೆ 'ಇಲ್ಲ, ಮೊದಲು ನಿಮಗೇ' ಎಂದೂ ಬರೆದು ಕಳುಹಿಸಿದ್ದರು.