ಆಲಿವ್ ಊರಿನ ಬಾಡಿಗೆ ಮನೆ: ದುಡಿಮೆ ಯಾರದ್ದು, ಲೆಕ್ಕ ಯಾರದ್ದು?



ಆಲಿವ್ ಎಣ್ಣೆಯ ಬಾಟಲಿಯನ್ನು ನೀವು ಅಂಗಡಿಯಲ್ಲಿ ನೋಡಿರಬಹುದು. ಬೆಲೆ ಕೇಳಿ ಹಾಗೇ ವಾಪಸ್ ಇಟ್ಟಿರಲೂಬಹುದು. ಈ ತಿಂಗಳ ಪಾಠ ಆ ಎಣ್ಣೆ ಬರುವ ಊರಿನ ಬಗ್ಗೆ. ಎಣ್ಣೆಗಿಂತಲೂ ಹೆಚ್ಚಾಗಿ, ಅಲ್ಲಿನ ರೈತ ಕುಟುಂಬಗಳು ತಮ್ಮ ಹಳೇ ಕೋಣೆಗಳನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಕೊಟ್ಟು ತೋಟ ಉಳಿಸಿಕೊಂಡ ಬಗ್ಗೆ.

ಇಟಲಿಯ ನಡುಭಾಗದಲ್ಲಿ ಉಂಬ್ರಿಯಾ ಅಂತ ಒಂದು ಪ್ರಾಂತ್ಯ ಇದೆ. ಸಂತ ಫ್ರಾನ್ಸಿಸರ ಅಸ್ಸಿಸಿ ಇರುವುದು ಇಲ್ಲೇ. ಅಸ್ಸಿಸಿಯಿಂದ ಸ್ಪೊಲೆತೊ ಊರಿನ ತನಕ ಬೆಟ್ಟದ ಇಳಿಜಾರಿನ ಉದ್ದಕ್ಕೂ ಆಲಿವ್ ತೋಟಗಳು. 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಇಳಿಜಾರನ್ನು ಜಗತ್ತಿನ ಮುಖ್ಯ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು. ಇವೆರಡರ ನಡುವೆ, ಸುಮಾರು 400 ಮೀಟರ್ ಎತ್ತರದ ಗುಡ್ಡದ ಮೇಲೆ ತ್ರೆವಿ ಎಂಬ ಪುಟ್ಟ ಊರು. (ರೋಮ್‌ನ ಪ್ರಸಿದ್ಧ ತ್ರೆವಿ ಕಾರಂಜಿ ಬೇರೆ, ಈ ಊರು ಬೇರೆ.)

ಇಂಥ ಊರಲ್ಲಿ ಬಾಡಿಗೆಗೆ ಸಿಗುವ ಮನೆ ಹೇಗಿರುತ್ತೆ? ಹೋಟೆಲ್ ಅಂದುಕೊಳ್ಳಬೇಡಿ. ಹಿಂದೆ ದನದ ಕೊಟ್ಟಿಗೆಯೋ ಕಾಳು ಕೂಡಿಡುವ ಕೋಣೆಯೋ ಆಗಿದ್ದದ್ದನ್ನು ರಿಪೇರಿ ಮಾಡಿರುತ್ತಾರೆ. ದಪ್ಪ ಕಲ್ಲಿನ ಗೋಡೆ, ಮರದ ಕಿಟಕಿ, ಎರಡು ಮಂಚ, ಒಂದು ಅಡುಗೆಮನೆ. ಅಡುಗೆ ನೀವೇ ಮಾಡಿಕೊಳ್ಳಬೇಕು, ಕಸ ನೀವೇ ಬೇರೆ ಬೇರೆ ಮಾಡಿ ಹೇಳಿದ ದಿನ ಹೊರಗಿಡಬೇಕು. ಮಧ್ಯಾಹ್ನ ಅಂಗಡಿಯವರು ಬಾಗಿಲು ಹಾಕಿ ಊಟಕ್ಕೆ ಹೋಗ್ತಾರೆ. ಅಷ್ಟರೊಳಗೆ ಹಾಲು, ಬ್ರೆಡ್ ತಂದಿಟ್ಟುಕೊಳ್ಳದಿದ್ದರೆ ಸಂಜೆಯವರೆಗೆ ಕಾಯಬೇಕು. ಬೇಸಿಗೆಯ ತಿಂಗಳುಗಳಲ್ಲಿ ಹಲವರು ವಾರಕ್ಕೆ ಕಡಿಮೆ ಕೊಡುವುದಿಲ್ಲ, ಶನಿವಾರದಿಂದ ಶನಿವಾರ ಅಂತ ಲೆಕ್ಕ. ಮೇಜಿನ ಮೇಲೆ ಸ್ವಂತ ತೋಟದ ಒಂದು ಬಾಟಲಿ ಎಣ್ಣೆ ಇಟ್ಟು ಬರಮಾಡಿಕೊಳ್ಳುವವರೂ ಇದ್ದಾರೆ. ಒಳ್ಳೆಯ ಉಪಾಯ. ಹೋಗುವಾಗ ಅತಿಥಿಗಳು ನಾಲ್ಕು ಬಾಟಲಿ ಕೊಂಡು ಹೋಗ್ತಾರಲ್ವಾ!

ಆದರೆ ಎಣ್ಣೆ ಮಾರಿಯೇ ಬದುಕಬಹುದಲ್ಲ, ಕೋಣೆ ಬಾಡಿಗೆಗೆ ಯಾಕೆ ಕೊಡಬೇಕು? ಲೆಕ್ಕ ಹಾಕಿ ನೋಡೋಣ.

ಕಾಯಿ ಕೊಯ್ಯುವುದು ಅಕ್ಟೋಬರ್, ನವೆಂಬರಿನಲ್ಲಿ. ಮರದ ಕೆಳಗೆ ಬಲೆ ಹಾಸಿ, ಬಾಚಣಿಗೆಯಂಥ ಸಾಧನದಿಂದ ಕೊಂಬೆ ಬಾಚಿ ಕಾಯಿ ಬೀಳಿಸುತ್ತಾರೆ. ಬಯಲಿನಲ್ಲಾದರೆ ದೊಡ್ಡ ಯಂತ್ರ ಬರುತ್ತದೆ. ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಈ ಇಳಿಜಾರಿನಲ್ಲಿ ಅದು ಎಲ್ಲಿ ಹತ್ತುತ್ತದೆ? ಒಬ್ಬರು ದಿನವಿಡೀ ಕೈಯಲ್ಲಿ ಕೊಯ್ದರೆ ನೂರು ಕಿಲೋ ದಾಟುವುದು ಕಷ್ಟ. ನೂರು ಕಿಲೋ ಕಾಯಿಗೆ ಸಿಗುವುದು ಹೆಚ್ಚುಕಡಿಮೆ 12ರಿಂದ 18 ಲೀಟರ್ ಎಣ್ಣೆ. ಅದರಲ್ಲಿ ಗಾಣದವರ ಕೂಲಿ ಕಳೆಯಬೇಕು, ಬಾಟಲಿ ಖರ್ಚು ಕಳೆಯಬೇಕು. ಕೊಯ್ದ ಕಾಯಿಯನ್ನು ಒಂದೆರಡು ದಿನದೊಳಗೆ ಗಾಣಕ್ಕೆ ಹಾಕದಿದ್ದರೆ ಹುಳಿ ಬರುತ್ತದೆ. ‘ಎಕ್ಸ್‌ಟ್ರಾ ವರ್ಜಿನ್’ ಎಂಬ ಮೇಲ್ದರ್ಜೆ ಸಿಗಬೇಕಾದರೆ ಎಣ್ಣೆಯ ಆಮ್ಲಾಂಶ ಶೇಕಡಾ 0.8ಕ್ಕಿಂತ ಹೆಚ್ಚಿರಬಾರದು, ರುಚಿಯಲ್ಲೂ ದೋಷ ಇರಬಾರದು. ಹೊಸ ಎಣ್ಣೆ ಸ್ವಲ್ಪ ಕಹಿ, ಗಂಟಲು ಚುರುಕ್ ಅನ್ನುತ್ತೆ. ಅದು ದೋಷ ಅಲ್ಲ, ಒಳ್ಳೆಯ ಎಣ್ಣೆಯ ಲಕ್ಷಣ.

ಇದರ ಮೇಲೆ ಮರದ ಸ್ವಭಾವವೂ ಸೇರಿಕೊಂಡಿದೆ. ನಮ್ಮ ಮಾವಿನ ಹಾಗೆ ಆಲಿವ್ ಕೂಡ ಒಂದು ವರ್ಷ ತುಂಬಾ ಬಿಟ್ಟರೆ ಮರುವರ್ಷ ಕೈಕೊಡುತ್ತದೆ. ಇನ್ನು ಚಳಿ. 1956ರ ಫೆಬ್ರವರಿಯಲ್ಲಿ ಮತ್ತು 1985ರ ಜನವರಿಯಲ್ಲಿ ಮಧ್ಯ ಇಟಲಿಯಲ್ಲಿ ಎಂಥಾ ಹಿಮ ಬಿತ್ತೆಂದರೆ ಲೆಕ್ಕವಿಲ್ಲದಷ್ಟು ಮರಗಳು ಸುಟ್ಟಂತೆ ಒಣಗಿದವು. ಅನೇಕರು ಬುಡಕ್ಕೆ ಕಡಿದರು. ಆಲಿವ್ ಗಟ್ಟಿ ಜೀವ, ಬುಡದಿಂದ ಮತ್ತೆ ಚಿಗುರಿತು. ಆದರೆ ಚಿಗುರು ಕಾಯಿ ಕೊಡುವವರೆಗೆ ಮನೆಯಲ್ಲಿ ಒಲೆ ಉರಿಯಬೇಕಲ್ಲ! ದಕ್ಷಿಣದ ಪುಲ್ಯ ಪ್ರಾಂತ್ಯದಲ್ಲಂತೂ 2013ರಲ್ಲಿ ಕಂಡುಬಂದ ‘ಕ್ಸೈಲೆಲ್ಲಾ’ ಎಂಬ ಬ್ಯಾಕ್ಟೀರಿಯಾ ರೋಗ ಲಕ್ಷಗಟ್ಟಲೆ ಮರಗಳನ್ನು ಒಣಗಿಸಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಗುಡ್ಡದ ಊರುಗಳ ಯುವಕರು ಕಾರ್ಖಾನೆ ಕೆಲಸ ಹುಡುಕಿ ಪೇಟೆಗೆ, ಪರದೇಶಕ್ಕೆ ಹೋದರು. ಮನೆಗಳು ಬೀಗ ಬಿದ್ದು ಹಾಳಾದವು. ಖಾಲಿ ಕೋಣೆಯಿಂದಲೇ ನಾಲ್ಕು ಕಾಸು ಹುಟ್ಟಿಸೋಣ ಎಂಬ ಯೋಚನೆ ಬಂದದ್ದು ಈ ಕಷ್ಟದಲ್ಲಿ. ಇಟಲಿಯಲ್ಲಿ ಇದಕ್ಕೆ ‘ಅಗ್ರಿತುರಿಸ್ಮೊ’ ಎನ್ನುತ್ತಾರೆ. 1985ರ ಡಿಸೆಂಬರಿನಲ್ಲಿ ಇದಕ್ಕೆಂದೇ ಕಾನೂನು ಬಂತು, 2006ರಲ್ಲಿ ಅದರ ಜಾಗದಲ್ಲಿ ಹೊಸ ಕಾನೂನು ಬಂತು. ಅದರ ಮುಖ್ಯ ಷರತ್ತು ಗಮನಿಸಿ. ಅಗ್ರಿತುರಿಸ್ಮೊ ನಡೆಸುವವರು ರೈತರೇ ಆಗಿರಬೇಕು, ಮತ್ತು ಬೇಸಾಯವೇ ಮುಖ್ಯ ಕಸುಬಾಗಿ ಉಳಿಯಬೇಕು. ಅದನ್ನು ಅಳೆಯುವಾಗ ಮುಖ್ಯವಾಗಿ ನೋಡುವುದು ದುಡಿಮೆಯ ಸಮಯವನ್ನು: ಹೊಲ ತೋಟಕ್ಕೆ ಎಷ್ಟು ಗಂಟೆ, ಅತಿಥಿಗಳಿಗೆ ಎಷ್ಟು ಗಂಟೆ. ಅತಿಥಿಗಳು ಹತ್ತು ಜನರೊಳಗೆ ಇದ್ದರೆ ಬೇಸಾಯವೇ ಮುಖ್ಯ ಅಂತ ಒಪ್ಪಿಬಿಡುತ್ತಾರೆ. ಸಣ್ಣ ರೈತರಿಗೆ ಇದರಿಂದ ಅನುಕೂಲ. ಇವತ್ತು ಇಟಲಿಯಲ್ಲಿ ಇಂಥ ಮನೆಗಳು ಸುಮಾರು 26 ಸಾವಿರ, ಅವುಗಳಲ್ಲಿ ಮೂರಕ್ಕೊಂದನ್ನು ನಡೆಸುವವರು ಹೆಂಗಸರು.

ಈಗ ನಮಗೆ ಬೇಕಾದ ಮಾತಿಗೆ ಬರೋಣ. ಅತಿಥಿ ಹೊರಟ ಮೇಲೆ ಚಾದರ ತೆಗೆದು ಒಗೆಯುವುದು, ಒಣಗಿಸಿ ಇಸ್ತ್ರಿ ಮಾಡುವುದು, ಬಚ್ಚಲು ತಿಕ್ಕುವುದು, ಮುಂದಿನ ಅತಿಥಿ ಬರುವುದರೊಳಗೆ ಎಲ್ಲ ಸರಿಮಾಡುವುದು, ಬಂದವರ ಹೆಸರು ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು, ಬುಕಿಂಗ್ ಪತ್ರಗಳಿಗೆ ಉತ್ತರ ಬರೆಯುವುದು – ಇದನ್ನೆಲ್ಲ ಯಾರು ಮಾಡ್ತಾರೆ? ಅಲ್ಲಿಯೂ ಹೆಚ್ಚಿನ ಮನೆಗಳಲ್ಲಿ ಹೆಂಗಸರೇ. ಕೊಯ್ಲಿನ ದಿನ ಅದೇ ಹೆಂಗಸು ಬಲೆಯ ಹತ್ತಿರವೂ ಇರ್ತಾಳೆ.

ಹಿಂದೆ ಇದು ‘ಮನೆಕೆಲಸ’ ಎಂಬ ಹೆಸರಿನಲ್ಲಿ ಮುಚ್ಚಿಹೋಗುತ್ತಿತ್ತು. 1975ರಲ್ಲಿ ಇಟಲಿ ತನ್ನ ಕುಟುಂಬ ಕಾನೂನನ್ನು ತಿದ್ದುಪಡಿ ಮಾಡಿದಾಗ ಒಂದು ದೊಡ್ಡ ಸಂಗತಿ ಸೇರಿತು. ಕುಟುಂಬದ ಉದ್ಯಮದಲ್ಲಿ ಸತತವಾಗಿ ದುಡಿಯುವ ಹೆಂಡತಿ, ಮಗಳು, ಸೊಸೆ, ಯಾರೇ ಆಗಲಿ, ಅವರಿಗೆ ಜೀವನಾಂಶ ಮಾತ್ರವಲ್ಲ, ದುಡಿಮೆಗೆ ತಕ್ಕಂತೆ ಲಾಭದಲ್ಲಿ ಪಾಲು ಇದೆ. ಲಾಭವನ್ನು ಏನು ಮಾಡುವುದೆಂದು ದುಡಿಯುವವರೆಲ್ಲ ಸೇರಿ ಬಹುಮತದಿಂದ ತೀರ್ಮಾನಿಸಬೇಕು. ಹೆಂಗಸಿನ ದುಡಿಮೆ ಗಂಡಸಿನ ದುಡಿಮೆಗೆ ಸಮಾನ ಎಂದು ಆ ಕಲಂನಲ್ಲೇ ಬರೆದಿದ್ದಾರೆ. ಕಾನೂನು ಬಂದ ಕೂಡಲೇ ಪ್ರತಿ ಮನೆಯಲ್ಲೂ ಪಾಲು ಸಿಕ್ಕಿತು ಅಂತ ನಾನು ಹೇಳುವುದಿಲ್ಲ. ಆದರೆ ಕೇಳಲು ಒಂದು ಆಧಾರ ಸಿಕ್ಕಿತು. 2006ರ ಕಾನೂನು ಕೂಡ ಅತಿಥಿಗಳ ಕೆಲಸ ಮಾಡುವವರ ಸಾಲಿನಲ್ಲಿ ಮನೆಯವರನ್ನು ಈ ಕಲಂ ಹೆಸರಿಸಿಯೇ ಸೇರಿಸಿದೆ.

ಇನ್ನೊಂದು ಬಗೆಯನ್ನೂ ಹೇಳಿಬಿಡುತ್ತೇನೆ. 1976ರಲ್ಲಿ ಉತ್ತರದ ಫ್ರಿಯುಲಿಯಲ್ಲಿ ಭಾರೀ ಭೂಕಂಪವಾಯಿತು. ಮರುಕಟ್ಟಿದ ಮನೆಗಳಲ್ಲಿ ವಾಸಿಸಲು ಜನ ಸಾಲದಾದರು. ಆಗ ಹುಟ್ಟಿದ್ದು ‘ಹರಡಿದ ಹೋಟೆಲ್’ ಎಂಬ ವಿಚಾರ. ಹೊಸ ಕಟ್ಟಡ ಕಟ್ಟುವುದಿಲ್ಲ. ಊರಿನ ಹಲವು ಮನೆಗಳ ಕೋಣೆಗಳು ಸೇರಿಯೇ ಒಂದು ಹೋಟೆಲ್. ಕೀಲಿ ಕೊಡುವುದು ಒಂದು ಕಡೆ, ತಿಂಡಿ ಒಂದು ಕಡೆ, ಮಲಗುವುದು ಮತ್ತೊಂದು ಬೀದಿಯಲ್ಲಿ. ಇದನ್ನು ಬೆಳೆಸಿದವರು ಜಾನ್‌ಕಾರ್ಲೊ ದಾಲ್ಲಾರಾ. ಸಂಘದಲ್ಲಿ ಒಟ್ಟಾಗಿ ಕೆಲಸ ಮಾಡಿ ಗೊತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲವೂ ಚಂದ ಅಂತಲ್ಲ. ಪೇಟೆಯವರೂ ಪರದೇಶದವರೂ ಮನೆ ಕೊಂಡು ಬರೀ ಬಾಡಿಗೆಗೆ ಬಿಟ್ಟರೆ ಚಳಿಗಾಲದಲ್ಲಿ ಊರು ಕತ್ತಲು. ಶಾಲೆಗೆ ಮಕ್ಕಳಿಲ್ಲ, ಮರ ಸವರುವವರಿಲ್ಲ. 2025ರ ಜನವರಿಯಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿ ಮನೆಗೂ ಸರ್ಕಾರಿ ಗುರುತು ಸಂಖ್ಯೆ ಕಡ್ಡಾಯವಾಗಿದೆ. ಬಾಗಿಲಲ್ಲೂ ಜಾಹೀರಾತಿನಲ್ಲೂ ಅದನ್ನು ಹಾಕಬೇಕು. ಎಷ್ಟು ಮನೆ ಹೀಗಿವೆ ಅಂತ ಲೆಕ್ಕವಾದರೂ ಸಿಗುತ್ತದೆ. ನನ್ನ ಮಟ್ಟಿಗೆ, ಮರ ನೋಡಿಕೊಳ್ಳುವವರೇ ಮನೆಯ ಕೀಲಿ ಇಟ್ಟುಕೊಂಡಿರುವ ಊರು ಬೇರೆ, ಕೀಲಿ ಮಾತ್ರ ಇರುವ ಊರು ಬೇರೆ. ವಸಂತದಲ್ಲಿ ಸವರಿದ ಆಲಿವ್ ರೆಂಬೆಗಳನ್ನೇ ಅಲ್ಲಿ ಗರಿಗಳ ಭಾನುವಾರ ಚರ್ಚಿಗೆ ತರುತ್ತಾರೆ. ಸವರುವವರು ಇದ್ದರೆ ತಾನೆ ರೆಂಬೆ?

ಮುಂದಿನ ಸಭೆಗೆ ಒಂದು ಕೆಲಸ. ನಿಮ್ಮಲ್ಲಿ ಹೈನುಗಾರಿಕೆ, ಹಪ್ಪಳ, ಹೂವು, ಅಂಗಡಿ, ಯಾವುದೇ ಮನೆ ಉದ್ಯೋಗ ಇರಲಿ, ಒಂದು ವಾರ ನೋಟ್ ಪುಸ್ತಕದಲ್ಲಿ ಎರಡು ಸಾಲು ಎಳೆಯಿರಿ. ಒಂದರಲ್ಲಿ ಯಾರು ಎಷ್ಟು ಗಂಟೆ ದುಡಿದರು ಅಂತ, ಇನ್ನೊಂದರಲ್ಲಿ ಬಂದ ಹಣ ಯಾರ ಕೈಗೆ, ಯಾರ ಖಾತೆಗೆ ಹೋಯಿತು ಅಂತ ಬರೆಯಿರಿ. ಓದು ಬರಹ ಬಾರದವರಿಗೆ ಮಕ್ಕಳು ಬರೆದುಕೊಡಲಿ; ಗಂಟೆಗೊಂದು ಗೀಟು ಹಾಕಿದರೂ ಸಾಕು. ಪುಸ್ತಕ ತನ್ನಿ, ಒಟ್ಟಿಗೆ ಕೂತು ಕೂಡಿಸೋಣ.