ಊರಿಗೆ ಬಂದವರು

‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ?’ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಲು ಹಳೆಯದು. ಹಳ್ಳಿಗೆ ಹೊಸದಾಗಿ ಕಾಲಿಟ್ಟ ಸೊಸೆಯನ್ನು ನೋಡಲು ಯಾರೂ ಅವಳ ಮನೆಯ ಬಾಗಿಲು ತಟ್ಟಬೇಕಾಗಿಲ್ಲ. ಇಂದಲ್ಲ ನಾಳೆ ಅವಳು ಕೊಡ ಹಿಡಿದು ಬಾವಿಕಟ್ಟೆಗೆ ಬಂದೇ ಬರುತ್ತಾಳೆ ಎಂಬುದು ಇದರ ಮೇಲರ್ಥ. ಒಳಗೆ ಇನ್ನೊಂದು ಅರ್ಥವೂ ಅಡಗಿದೆ. ಊರು ಮನೆಯೊಳಗೆ ಸಿಕ್ಕುವುದಿಲ್ಲ. ಹತ್ತು ಜನರೊಡನೆ ಹಂಚಿಕೊಳ್ಳಬೇಕಾದ ಅಗತ್ಯವೊಂದು ಮನುಷ್ಯನನ್ನು ಹೊಸ್ತಿಲು ದಾಟಿಸಿದಾಗಲೇ ಊರಿಗೆ ಅವನ, ಅವನಿಗೆ ಊರಿನ ಪರಿಚಯವಾಗುತ್ತದೆ.

ಹಳ್ಳಿಯನ್ನು ಕಂಡು ಹುಟ್ಟಿದ ಈ ಮಾತು ಮಹಾನಗರಕ್ಕೂ ಸಲ್ಲುವುದೇ? ಬೆಂಗಳೂರು ಬೆಳೆದ ಬಗೆಯನ್ನು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

1941ರ ಜನಗಣತಿಯ ಕಾಲಕ್ಕೆ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ. 1971ರ ವೇಳೆಗೆ ಅದು 16 ಲಕ್ಷವನ್ನು ಮೀರಿತು. ಮೂವತ್ತು ವರ್ಷಗಳಲ್ಲಿ ನಗರ ನಾಲ್ಕು ಪಟ್ಟು ಬೆಳೆದುದಕ್ಕೆ ದೊಡ್ಡ ಕಾರ್ಖಾನೆಗಳು ಒಂದು ಮುಖ್ಯ ಕಾರಣ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಜಾಲಹಳ್ಳಿಯ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಒಂದರ ಹಿಂದೆ ಒಂದು ತಲೆಯೆತ್ತಿದವು. ಅವು ನಾಡಿನ ಮೂಲೆಮೂಲೆಗಳಿಂದ ತರುಣರನ್ನು ಕರೆಸಿಕೊಂಡವು. ಕೆಲಸ ಕಾಯಂ ಆದೊಡನೆ ತರುಣ ಊರಿಗೆ ಹೋಗಿ ಮದುವೆಯಾಗುತ್ತಿದ್ದ. ಒಂದು ಟ್ರಂಕು, ಒಂದು ಹಾಸಿಗೆಸುರುಳಿ, ನಾಲ್ಕು ಪಾತ್ರೆಗಳೊಡನೆ ಹೆಂಡತಿಯನ್ನು ಕರೆದುಕೊಂಡು ರೈಲಿನಿಂದ ಇಳಿಯುತ್ತಿದ್ದ.

ಜನ ಬೆಳೆದಷ್ಟು ವೇಗವಾಗಿ ನೀರು ಬೆಳೆಯಲಿಲ್ಲ. ಅರ್ಕಾವತಿಯ ನೀರನ್ನು ಹೆಸರಘಟ್ಟದಿಂದ ನಗರಕ್ಕೆ ತಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ತಿಪ್ಪಗೊಂಡನಹಳ್ಳಿಯ ಜಲಾಶಯ ಅದರೊಡನೆ ಸೇರಿದ್ದು 1933ರಲ್ಲಿ. ಆ ಬಳಿಕ ಬಂದ ಲಕ್ಷಾಂತರ ಜನರೂ ಬಹುಕಾಲ ಅದೇ ನೀರನ್ನೇ ಹಂಚಿಕೊಳ್ಳಬೇಕಾಯಿತು.

ಹೀಗೆ ಬಂದವರಲ್ಲಿ ಅನೇಕರಿಗೆ ಆಶ್ರಯ ಕೊಟ್ಟದ್ದು ವಠಾರ. ನಡುವೆ ಒಂದು ಅಂಗಳ, ಸುತ್ತಲೂ ಸಾಲು ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಒಬ್ಬರ ಒಗ್ಗರಣೆಯ ಘಾಟು ಮತ್ತೊಬ್ಬರ ಮೂಗಿಗೆ, ಒಬ್ಬರ ಮನೆಯ ಮಾತು ಇನ್ನೊಬ್ಬರ ಕಿವಿಗೆ. ವಠಾರದ ಬಾಳನ್ನು ಸ್ವರ್ಗವೆಂದು ಹೊಗಳಬೇಕಾಗಿಲ್ಲ. ಅಲ್ಲಿ ಏಕಾಂತವಿರಲಿಲ್ಲ; ಜಗಳಕ್ಕೆ ಬರವಿರಲಿಲ್ಲ. ಮನೆ ಕೇಳಲು ಬಂದವರ ಜಾತಿಯನ್ನು ಮೊದಲು ವಿಚಾರಿಸಿ, ಆಮೇಲೆ ಬಾಡಿಗೆಯ ಮಾತೆತ್ತುವ ಮಾಲೀಕರೂ ಇದ್ದರು. ಆದರೂ ಅಪರಿಚಿತರು ನೆರೆಯವರಾಗಲು ಕಲಿತ ಪಾಠಶಾಲೆ ಅದು.

1965ರ ಸುಮಾರಿನಲ್ಲಿ ಅಂಥ ವಠಾರಕ್ಕೆ ಬಂದ ಎಳೆಯ ದಂಪತಿಗಳನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಅರಸೀಕೆರೆಯ ಕಡೆಯ ಹಳ್ಳಿಯವರು. ಅವನಿಗೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಒಂದು ವಾರ ಹಗಲು ಪಾಳಿಯಾದರೆ ಇನ್ನೊಂದು ವಾರ ರಾತ್ರಿ ಪಾಳಿ. ಅವನಿಗೆ ಯಂತ್ರವಿತ್ತು, ಜೊತೆಯ ಕೆಲಸಗಾರರಿದ್ದರು, ಸಂಬಳದ ದಿನವಿತ್ತು. ಅವಳಿಗಿದ್ದದ್ದು ಒಂದು ಕೋಣೆ, ಒಂದು ಸೀಮೆಎಣ್ಣೆಯ ಒಲೆ. ಊರಿನಲ್ಲಿ ‘ಇಂಥವರ ಮಗಳು’, ‘ಇಂಥವರ ಸೊಸೆ’ ಎಂದರೆ ಸಾಕಾಗಿತ್ತು. ಇಲ್ಲಿ ಅವಳು ಯಾರ ಮಗಳೆಂದು ಕೇಳುವವರೇ ಇರಲಿಲ್ಲ.

ನಲ್ಲಿಯಲ್ಲಿ ನೀರು ಬರುತ್ತಿದ್ದುದು ನಸುಕಿನಲ್ಲಿ, ಒಂದೆರಡು ಗಂಟೆಗಳ ಕಾಲ ಮಾತ್ರ. ಮೊದಲ ದಿನ ಅವಳು ಬಿಂದಿಗೆಯನ್ನು ಸಾಲಿನಲ್ಲಿಟ್ಟು ನಿಂತಳು. ಅವಳ ಸರದಿ ಬಂದಾಗ ನಡುವಯಸ್ಸಿನ ಹೆಂಗಸೊಬ್ಬಳು ಅದನ್ನು ಪಕ್ಕಕ್ಕೆ ಸರಿಸಿ, “ಹೊಸಬರು ಸ್ವಲ್ಪ ಕಾಯಬೇಕಮ್ಮ” ಎಂದು ತನ್ನ ಕೊಡವನ್ನಿಟ್ಟಳು. ಕಾದು ನಿಂತಂತೆಯೇ ನೀರು ನಿಂತುಹೋಯಿತು. ಅವಳು ಮರುಮಾತಾಡದೆ ಬರಿಯ ಬಿಂದಿಗೆಯೊಡನೆ ಹಿಂದಿರುಗಿದಳು. ಹಿತ್ತಲಿನ ಬಾವಿಯ ಗಡಸು ನೀರನ್ನೇ ಸೇದಿ ತಂದಳು. ಆ ನೀರಿನಲ್ಲಿ ಬೇಳೆ ಬೇಯಲಿಲ್ಲ. ನಾಲ್ಕನೆಯ ದಿನ ಬೇಯದ ಬೇಳೆಯೇ ಸಂಗತಿಯನ್ನು ಗಂಡನಿಗೆ ತಿಳಿಸಿತು.

“ಬೇರೆ ಮನೆ ನೋಡೋಣ. ಸಿಕ್ಕುವ ತನಕ ನೀನು ಊರಿನಲ್ಲಿರು” ಎಂದನು ಅವನು.

ಅವಳು ಆ ರಾತ್ರಿ ಬಹಳ ಹೊತ್ತು ಯೋಚಿಸಿದಳು. ಹಿಂದಿರುಗಿದರೆ ತಿರುಗಿ ಬರುವುದು ಯಾವಾಗಲೋ. ಸ್ವಂತ ನಲ್ಲಿಯಿರುವ ಮನೆಗೆ ಕೊಡುವಷ್ಟು ಬಾಡಿಗೆ ಅವನ ಸಂಬಳದಲ್ಲಿ ಹೊರಡುವಂತಿರಲಿಲ್ಲ. “ನಾಳೆ ಒಂದು ದಿನ ನೋಡುತ್ತೇನೆ ಅಂದ್ರೆ” ಎಂದಳು.

ಮರುದಿನ ಅವಳು ಎಲ್ಲರಿಗಿಂತ ಮೊದಲು ಎದ್ದಳು. ನಲ್ಲಿಯ ಬಳಿ ಮೂಲೆಮನೆಯ ಅಜ್ಜಿ ತುಂಬಿದ ಕೊಡವನ್ನು ಎತ್ತಲಾರದೆ ನಿಂತಿದ್ದಳು. ಅಜ್ಜಿಯ ಮಾತು ತಮಿಳು. ಇವಳಿಗೆ ಬರುತ್ತಿದ್ದುದು ಕನ್ನಡವೊಂದೇ. ಕೊಡ ಎತ್ತಲು ಭಾಷೆ ಬೇಕಾಗಲಿಲ್ಲ. ಅಜ್ಜಿಯ ಮನೆಗೆ ನೀರು ಹೊತ್ತು ಬರುವಷ್ಟರಲ್ಲಿ ಸಾಲು ಬೆಳೆದಿತ್ತು; ಆದರೆ ಅವಳ ಬಿಂದಿಗೆಯನ್ನು ಯಾರೂ ಸರಿಸಿರಲಿಲ್ಲ. ಅಜ್ಜಿ ಅದರ ಪಕ್ಕದಲ್ಲಿ ಕಾವಲು ಕೂತಿದ್ದಳು. ಅಂದಿನಿಂದ ಅವಳಿಗೆ ಸಾಲಿನಲ್ಲೊಂದು ಸ್ಥಾನ ದೊರೆಯಿತು. ಬಿಂದಿಗೆ ಸರಿಸಿದ ಹೆಂಗಸಿಗೆ ಶಾಲೆಗೆ ಹೋಗುವ ನಾಲ್ವರು ಮಕ್ಕಳಿದ್ದಾರೆಂದೂ, ಅವಳ ಅವಸರಕ್ಕೆ ಕಾರಣ ಕೇಡಲ್ಲವೆಂದೂ ಕ್ರಮೇಣ ತಿಳಿಯಿತು.

ಕೆಲವು ತಿಂಗಳು ಕಳೆದವು. ಅವಳು ಬಸುರಿಯಾದಳು, ಏಳನೆಯ ತಿಂಗಳಿಗೆ ತವರಿಗೆ ಹೋಗುವುದೆಂದು ನಿಶ್ಚಯವಾಯಿತು. ಅದಕ್ಕೆ ಮುನ್ನವೇ ಒಂದು ರಾತ್ರಿ ಅವಳಿಗೆ ವಿಪರೀತ ಜ್ವರ ಬಂದಿತು. ಅಂದು ಗಂಡನಿಗೆ ರಾತ್ರಿ ಪಾಳಿ. ಗೋಡೆಯ ಆಚೆಯಿಂದ ನರಳಾಟ ಕೇಳಿ ಮೊದಲು ಬಾಗಿಲು ತಟ್ಟಿದವಳು ಬಿಂದಿಗೆ ಸರಿಸಿದ ಆ ಹೆಂಗಸೇ. ಅವಳು ಜಟಕಾ ತರಲು ತನ್ನ ಗಂಡನನ್ನು ಓಡಿಸಿದಳು. ಮಕ್ಕಳನ್ನು ಅಜ್ಜಿಗೆ ಒಪ್ಪಿಸಿ, ಕಾಯಿಲೆಯವಳ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯವಿತ್ತೆಂದು ವೈದ್ಯರು ಹೇಳಿದರು.

ಪಾಳಿ ಮುಗಿಸಿ ಬಂದ ಗಂಡ ಕಂಡದ್ದು ಬೀಗ ಹಾಕಿದ ಬಾಗಿಲನ್ನು. ಬಾಗಿಲ ಮುಂದೆ ತುಂಬಿದ ಎರಡು ಬಿಂದಿಗೆಗಳು ಸಾಲಾಗಿ ಕುಳಿತಿದ್ದವು. ಮನೆಯಲ್ಲಿ ಯಾರೂ ಇಲ್ಲದ ದಿನವೂ ಅವರ ಪಾಲಿನ ನೀರನ್ನು ವಠಾರ ಹಿಡಿದಿಟ್ಟಿತ್ತು. ಬೀಗದ ಕೈ ಕೊಡಲು ಬಂದ ಅಜ್ಜಿ, ಭಯವಿಲ್ಲವೆಂದು ಕೈಸನ್ನೆಯಿಂದ ತಿಳಿಸಿದಳು. ಬೇರೆ ಮನೆಯ ಮಾತನ್ನು ಅವನು ಮತ್ತೆ ಬಹುಕಾಲ ಎತ್ತಲಿಲ್ಲ.

1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂದಿತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಮೂರು ಕಡೆ ಯಂತ್ರಗಳಿಂದ ಮೇಲೆತ್ತಿ ತಂದ ನೀರು ಅದು. ಕಾಲಕ್ರಮದಲ್ಲಿ ನಲ್ಲಿ ಅಂಗಳದಿಂದ ಅಡುಗೆಮನೆಗೆ ನಡೆಯಿತು. ವಠಾರಗಳು ಅಳಿದು ಮಹಡಿಗಳೆದ್ದವು. ಹೆಂಗಸರ ಸೊಂಟದ ನೋವು, ನಸುಕಿನ ಜಾಗರಣೆ ತಪ್ಪಿದವು. ಇದು ನಿಜವಾದ ಮುನ್ನಡೆ. ಬಿಂದಿಗೆಯ ಸಾಲು ಮರಳಿ ಬರಲೆಂದು ಯಾರೂ ಹಾರೈಸಬೇಕಾಗಿಲ್ಲ. ಆದರೆ ಅದರೊಡನೆ ಇನ್ನೊಂದು ಸಂಗತಿಯೂ ನಡೆಯಿತು: ನೀರಿಗೆ ಬಾರದೆಯೇ ಊರಿನಲ್ಲಿ ಇರುವುದು ಸಾಧ್ಯವಾಯಿತು.

2011ರ ಜನಗಣತಿಯ ವೇಳೆಗೆ ಬೆಂಗಳೂರಿನ ಜನಸಂಖ್ಯೆ 84 ಲಕ್ಷವನ್ನು ಮುಟ್ಟಿತ್ತು. 2024ರಲ್ಲಿ ಕಾವೇರಿಯ ಐದನೆಯ ಹಂತದ ನೀರೂ ಹರಿಯಿತು. ಇಂದಿಗೂ ಬೀದರಿನಿಂದ, ಚಾಮರಾಜನಗರದಿಂದ, ಬಿಹಾರದಿಂದ, ಅಸ್ಸಾಮಿನಿಂದ ಎಳೆಯ ಜೋಡಿಗಳು ಇಲ್ಲಿಗೆ ಬರುತ್ತಲೇ ಇದ್ದಾರೆ. ಮುಚ್ಚಿದ ಬಾಗಿಲುಗಳ ಸಾಲಿನಲ್ಲಿ ಅವರದೂ ಒಂದು ಬಾಗಿಲು. ಬಾಡಿಗೆಯ ಪತ್ರ ಕೈಗೆ ಬಂದ ಮಾತ್ರಕ್ಕೆ ಅವರು ಊರಿನವರಾಗುವುದಿಲ್ಲ. ಹಿಂದಿನವರನ್ನು ಅಗತ್ಯವೇ ಹೊಸ್ತಿಲು ದಾಟಿಸುತ್ತಿತ್ತು. ಇಂದಿನವರು ತಾವಾಗಿಯೇ ದಾಟಬೇಕಾಗಿದೆ.

ಆ ದಂಪತಿಗಳು ಮುಂದೆ ಒಂದು ಬಡಾವಣೆಯಲ್ಲಿ ಸಣ್ಣ ಮನೆ ಕಟ್ಟಿಕೊಂಡರು. ಎದುರುಮನೆಗೆ ಹೊಸ ಜೋಡಿಯೊಂದು ಸಾಮಾನಿಳಿಸಿದ ದಿನ ಆಕೆ ತುಂಬಿದ ಬಿಂದಿಗೆಯೊಡನೆ ಅವರ ಬಾಗಿಲಿಗೆ ಹೋದಳು.

“ನಮ್ಮ ಮನೆಯಲ್ಲೂ ನಲ್ಲಿ ಇದೆಯಮ್ಮ” ಎಂದಳು ಆ ಹುಡುಗಿ, ಸಂಕೋಚದಿಂದ.

“ಇರಲಿ ತಾಯಿ. ನಿಮ್ಮದು ಯಾವ ಊರು?” ಎಂದು ಕೇಳುತ್ತ ಆಕೆ ಬಿಂದಿಗೆಯನ್ನು ಇಳಿಸಿದಳು.